ಮೊದಲು ಸಾಕ್ಷ್ಯ, ಆಮೇಲೆ ಚಿತ್ರ



ಈ ಸಲ ಇತಿಹಾಸದ ಪ್ರಾಜೆಕ್ಟಿಗೆ ಚಾರ್ಟ್ ಬರೆಯುವ ಬದಲು ಗುಂಪಾಗಿ ಸೇರಿ ಒಂದು ಸಾಕ್ಷ್ಯಚಿತ್ರ ಮಾಡಿ ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ. ಹೇಳಿದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ ಮಾತು, "ಮೊಬೈಲ್ ಯಾರು ತರ್ತಾರೆ?" ಆದರೆ ಮೊಬೈಲ್ ಬೇಕಾಗುವುದು ಕೊನೆಗೆ. ಅದಕ್ಕೂ ಮೊದಲು ನೋಟ್‌ಬುಕ್ಕು, ಪೆನ್ನು ಹಿಡಿದು ಮಾಡುವ ಕೆಲಸ ಬಹಳ ಇದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಸಾಕ್ಷ್ಯಚಿತ್ರ ಎಂದರೇನು?

ಸಿನಿಮಾದಲ್ಲಿ ನಮಗೆ ಬೇಕಾದ ಹಾಗೆ ಕಥೆ ಕಟ್ಟಬಹುದು. ಸಾಕ್ಷ್ಯಚಿತ್ರದಲ್ಲಿ ಹಾಗೆ ಮಾಡೋ ಹಾಗಿಲ್ಲ. ನಡೆದದ್ದನ್ನೇ ಹೇಳಬೇಕು, ನಡೆದದ್ದು ನಿಜ ಅಂತ ತೋರಿಸಬೇಕು. ಆ ಪದವನ್ನೇ ಬಿಡಿಸಿ ನೋಡಿ. ಸಾಕ್ಷ್ಯ ಮೊದಲು ಬರುತ್ತದೆ, ಚಿತ್ರ ಆಮೇಲೆ ಬರುತ್ತದೆ. ನಾವು ಕೆಲಸ ಮಾಡಬೇಕಾದ ಕ್ರಮವೂ ಅದೇ.

ನಮ್ಮ ವಿಷಯ: ಈಸೂರು

ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಈಸೂರು ಎಂಬ ಹಳ್ಳಿ ಇದೆ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಗಾಂಧೀಜಿಯವರು "ಮಾಡು ಇಲ್ಲವೇ ಮಡಿ" ಎಂದು ಕರೆ ಕೊಟ್ಟರು. ಆ ಕರೆ ಈಸೂರಿಗೂ ಮುಟ್ಟಿತು. ಊರಿನವರು ಕಂದಾಯ ಕೊಡಲ್ಲ ಅಂದರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ನಮ್ಮ ಊರು ಸ್ವತಂತ್ರವಾಯಿತು ಎಂದು ಸಾರಿದರು. ತಮ್ಮದೇ ಸರ್ಕಾರ ಮಾಡಿಕೊಂಡು, ಅದಕ್ಕೆ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ಆರಿಸಿದ್ದು ಇಬ್ಬರು ಹುಡುಗರನ್ನು! "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಮಾತು ಹುಟ್ಟಿದ್ದು ಆಗಲೇ.

ಅದೇ ಸೆಪ್ಟೆಂಬರ್ ತಿಂಗಳಲ್ಲಿ ಅಧಿಕಾರಿಗಳೂ ಪೊಲೀಸರೂ ಊರಿಗೆ ಬಂದಾಗ ದೊಡ್ಡ ಗಲಾಟೆಯಾಯಿತು. ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಇಬ್ಬರೂ ಜನರ ಕೈಯಲ್ಲಿ ಸತ್ತರು. ಆಮೇಲೆ ಸರ್ಕಾರದ ಪಡೆ ಬಂತು. ಜನ ಮನೆ ಬಿಟ್ಟು ಕಾಡು ಸೇರಿದರು. ಮನೆಗಳ ಲೂಟಿಯಾಯಿತು. ಬಹಳ ಜನರನ್ನು ಹಿಡಿದರು. ಹೆಂಗಸರಿಗೂ ಶಿಕ್ಷೆ ಆಯಿತು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಿದರು.

ಇದಿಷ್ಟನ್ನೂ ಎಂಟು ನಿಮಿಷದಲ್ಲಿ ಹೇಳುವುದು ಹೇಗೆ? ಕೆಳಗಿನ ಕ್ರಮ ಅನುಸರಿಸಬಹುದು.

1. ಒಂದೇ ಪ್ರಶ್ನೆ ಇಟ್ಟುಕೊಳ್ಳಿ

"ಈಸೂರಿನ ಇತಿಹಾಸ" ಅಂತ ಹೊರಟರೆ ಮುಗಿಯೋದೇ ಇಲ್ಲ. ಪ್ರಶ್ನೆ ಸಣ್ಣದಾಗಿರಬೇಕು. "ಹುಡುಗರನ್ನು ಯಾಕೆ ಅಧಿಕಾರಿ ಮಾಡಿದರು?" ಇದು ಒಂದು ಪ್ರಶ್ನೆ. "ಕಾಡಿಗೆ ಹೋದವರು ತಿರುಗಿ ಬಂದು ಹೇಗೆ ಬದುಕಿದರು?" ಇದು ಇನ್ನೊಂದು. ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ. ಅದಕ್ಕೆ ಸಂಬಂಧ ಇಲ್ಲದ್ದು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

2. ಓದಿ, ನೋಡಿ, ಕೇಳಿ

ಓದಲು ಶಿವಮೊಗ್ಗ ಜಿಲ್ಲಾ ಗ್ಯಾಸೆಟಿಯರ್ ಇದೆ, ಗ್ರಂಥಾಲಯದಲ್ಲಿ ಸ್ವಾತಂತ್ರ್ಯ ಹೋರಾಟದ ಪುಸ್ತಕಗಳಿವೆ. ಹಳೇ ಸರ್ಕಾರಿ ಕಾಗದಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕಾಪಾಡುತ್ತಾರೆ. ನೋಡಲು ಈಸೂರಿನ ದೇವಸ್ಥಾನ ಇದೆ, ಹುತಾತ್ಮರ ಸ್ಮಾರಕ ಇದೆ. ಕೇಳಲು ಊರಿನ ಹಿರಿಯರಿದ್ದಾರೆ.

ಹಿರಿಯರ ಹತ್ತಿರ ಹೋಗುವುದನ್ನು ಮುಂದೆ ಹಾಕಬಾರದು. ಲೆಕ್ಕ ಹಾಕಿ ನೋಡಿ. 1942ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಕಣ್ಣಾರೆ ಕಂಡವರು ಸಿಗುವುದು ಬಹಳ ಅಪರೂಪ. ಸಿಗುವವರು ಅವರ ಮಕ್ಕಳು, ಮೊಮ್ಮಕ್ಕಳು. ಅವರಿಗೂ ವಯಸ್ಸಾಗಿದೆ. ಪುಸ್ತಕ ಮುಂದಿನ ವರ್ಷವೂ ಕಪಾಟಿನಲ್ಲೇ ಇರುತ್ತದೆ, ಅಜ್ಜಿಯ ಮಾತು ಹಾಗಲ್ಲ.

3. ಕೇಳುವ ರೀತಿ

"ಆಗ ತುಂಬಾ ಕಷ್ಟ ಇತ್ತಾ ಅಜ್ಜಿ?" ಅಂದರೆ "ಹೂಂ ಮಗಾ, ಇತ್ತು" ಅಂತಾರೆ. ಮಾತು ಅಲ್ಲಿಗೇ ಮುಗೀತು. "ನಿಮ್ಮ ಅವ್ವ ಕಾಡಿಗೆ ಹೋದಾಗ ದನಕರು ಯಾರು ನೋಡ್ಕೊಂಡ್ರು ಅಂತ ಹೇಳಿದ್ರಾ? ಅಲ್ಲಿ ಏನು ಉಂಡ್ರಂತೆ?" ಹೀಗೆ ಕೇಳಿದರೆ ನೆನಪು ತಾನಾಗೇ ಬರುತ್ತದೆ. ಮಾತಿನ ಮಧ್ಯೆ ಬಾಯಿ ಹಾಕಬೇಡಿ. ಅವರು ಅತ್ತರೆ ಮೊಬೈಲ್ ಕೆಳಗಿಡಿ. "ಇದನ್ನ ಶಾಲೆಯಲ್ಲಿ ತೋರಿಸಬಹುದಾ?" ಅಂತ ಮೊದಲೇ ಒಪ್ಪಿಗೆ ಕೇಳಿ. ಬೇಡ ಅಂದರೆ ಬೇಡ.

ಅವರು ಕಂಡದ್ದೋ, ಕೇಳಿದ್ದೋ ಅದನ್ನೂ ಬರೆದುಕೊಳ್ಳಿ. ಕೇಳಿದ್ದನ್ನು "ನಮ್ಮ ಅವ್ವ ಹೇಳ್ತಿದ್ರು" ಅಂತಲೇ ಚಿತ್ರದಲ್ಲೂ ಬರಲಿ.

4. ಮೂರು ಅಂಕಣದ ಹಾಳೆ

ಇದೇ ಮುಖ್ಯವಾದ ಕೆಲಸ. ಒಂದು ಹಾಳೆಗೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ನಾವು ಹೇಳುವ ಮಾತು, ಎರಡನೆಯದರಲ್ಲಿ ಅದಕ್ಕೆ ಸಾಕ್ಷ್ಯ, ಮೂರನೆಯದರಲ್ಲಿ ತೋರಿಸುವ ಚಿತ್ರ. ಉದಾಹರಣೆಗೆ, ಮಾತು: "ಐವರನ್ನು ಗಲ್ಲಿಗೇರಿಸಿದರು." ಸಾಕ್ಷ್ಯ: ಪುಸ್ತಕದ ಹೆಸರು, ಪುಟ. ಚಿತ್ರ: ಸ್ಮಾರಕ.

ಎರಡನೇ ಅಂಕಣ ಖಾಲಿ ಇದ್ದರೆ ಆ ಮಾತು ಚಿತ್ರದಲ್ಲಿ ಇರಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆಯೇ ಇದೆಯಲ್ಲ! ಮೂರನೇ ಅಂಕಣ ಖಾಲಿ ಇದ್ದರೆ ನಾವೇ ನಕ್ಷೆ ಬರೆಯಬಹುದು, ಅಭಿನಯ ಮಾಡಬಹುದು. ಆದರೆ ಅಭಿನಯ ಮಾಡಿದ ಕಡೆ "ಇದು ಅಭಿನಯ" ಅಂತ ಬರೆದು ತೋರಿಸಬೇಕು. ಬೇರೆ ಊರಿನ ಫೋಟೋ ಹಾಕಿ ಈಸೂರು ಅನ್ನಬಾರದು.

5. ಎರಡೂ ಕಡೆ ಹೇಳಬೇಕು

ಅಭಿನಯ ಅಂದ ಕೂಡಲೇ ಕೆಲವರು "ನಾನು ಬಿಳಿ ದೊರೆ ಆಗ್ತೀನಿ" ಅಂತಾರೆ. ಆದರೆ ಈಸೂರು ಆಗ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿಗೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಮಹಾರಾಜರ ಸರ್ಕಾರದ ನೌಕರರು. ನಮ್ಮ ಹಾಗೇ ಈ ನಾಡಿನವರು. ಸತ್ತ ಆ ಇಬ್ಬರನ್ನು ಬಿಟ್ಟು ಚಿತ್ರ ಮಾಡಿದರೆ, ಐವರಿಗೆ ಗಲ್ಲು ಯಾಕೆ ಆಯಿತು ಅಂತಲೇ ನೋಡುವವರಿಗೆ ತಿಳಿಯುವುದಿಲ್ಲ. ಗಲ್ಲಿಗೇರಿದವರ ಮನೆಯಲ್ಲೂ ಅತ್ತರು, ಅಮಲ್ದಾರರ ಮನೆಯಲ್ಲೂ ಅತ್ತಿರುತ್ತಾರೆ. ಇದನ್ನು ಹೇಳಿದರೆ ಹುತಾತ್ಮರಿಗೆ ಅವಮಾನ ಆಗುತ್ತಾ? ನನಗೆ ಹಾಗೆ ಅನ್ನಿಸುವುದಿಲ್ಲ. ಸ್ವಾತಂತ್ರ್ಯಕ್ಕೆ ಜನ ಎಷ್ಟು ಬೆಲೆ ಕೊಟ್ಟರು ಅನ್ನೋದು ಪೂರ್ತಿ ಹೇಳಿದರೇ ಗೊತ್ತಾಗೋದು. ಯಾರು ತಪ್ಪು, ಯಾರು ಸರಿ ಅಂತ ನಾವು ತೀರ್ಪು ಕೊಡುವುದು ಬೇಡ. ನಡೆದದ್ದನ್ನು ಹೇಳೋಣ, ನೋಡಿದವರು ಯೋಚನೆ ಮಾಡಲಿ.

6. ಕೆಲಸ ಹಂಚಿಕೊಳ್ಳಿ

ಒಂದು ಗುಂಪಿಗೆ ಐದು ಜನ ಸಾಕು. ಓದಿ ಟಿಪ್ಪಣಿ ಮಾಡುವವರು ಒಬ್ಬರು, ಪ್ರಶ್ನೆ ಕೇಳುವವರು ಒಬ್ಬರು, ಮೊಬೈಲ್ ಹಿಡಿಯುವವರು ಒಬ್ಬರು, ದನಿ ಕೊಡುವವರು ಒಬ್ಬರು. ಐದನೆಯವರದು ಬರೀ ತಪ್ಪು ಹುಡುಕುವ ಕೆಲಸ. ಇಸವಿ, ಹೆಸರು ಎಲ್ಲವನ್ನೂ ಅವರು ಹಾಳೆ ಹಿಡಿದು ಪರೀಕ್ಷೆ ಮಾಡಬೇಕು. ಇದಕ್ಕೆ ಗುಂಪಿನಲ್ಲಿ ಜಾಸ್ತಿ ಜಗಳ ಆಡುವವರನ್ನೇ ಆರಿಸಿದರೆ ಒಳ್ಳೆಯದು!

7. ಕೊನೆಗೆ ಮೊಬೈಲ್

ಮೊಬೈಲನ್ನು ಅಡ್ಡವಾಗಿ ಹಿಡಿಯಿರಿ. ಮಾತಾಡುವವರ ಮುಖಕ್ಕೆ ಬೆಳಕು ಬೀಳುವಂತೆ ಕೂರಿಸಿ, ಕಿಟಕಿಗೆ ಬೆನ್ನು ಮಾಡಿಸಬೇಡಿ. ಗಿರಣಿ, ಟಿವಿ ಸದ್ದು ಇರುವಲ್ಲಿ ಮಾತು ಕೇಳಿಸುವುದಿಲ್ಲ. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ, ಎಂಟು ನಿಮಿಷಕ್ಕಿಂತ ಜಾಸ್ತಿ ಆದರೆ ಕಡಿಮೆ ಮಾಡಿ.

ಚಿತ್ರ ಮುಗಿದ ಮೇಲೆ ಮೊದಲು ತೋರಿಸಬೇಕಾದದ್ದು ನಮಗೆ ಕಥೆ ಹೇಳಿದ ಅಜ್ಜ ಅಜ್ಜಿಯರಿಗೆ. ಅವರು "ಹೌದು, ಹಿಂಗೇ ಆಗಿದ್ದು" ಅಂದರೆ ನಮಗೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ. "ಇಲ್ಲ" ಅಂದರೆ ಮತ್ತೆ ಹಾಳೆ ತೆಗೆದು ನೋಡೋಣ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈಸೂರಿನ ಕಡೆ ನೆಂಟರಿದ್ದರೆ ಈ ಹಾಳೆಯ ಕೆಳಗೆ ನಿಮ್ಮ ಹೆಸರು ಬರೆಯಿರಿ. ಪ್ರಶ್ನೆಗಳನ್ನು ಕೂಡಿ ತಯಾರು ಮಾಡೋಣ.

— ಏಳನೇ ತರಗತಿ