ತೆಂಗಿನ ಸೀಮೆಯ ದೇವಾಲಯಗಳು: ಕಲಾಚರಿತ್ರೆಯ ಪ್ರವಾಸಕ್ಕೆ ಒಂದು ಕ್ರಮ

ನಮ್ಮ ಕಾಲೇಜುಗಳಿಂದ ವರ್ಷವರ್ಷವೂ ಹೊರಡುವ ಚಾರಿತ್ರಿಕ ಪ್ರವಾಸಗಳು ಬಹುಮಟ್ಟಿಗೆ ಬೇಲೂರಿನಲ್ಲಿ ಆರಂಭವಾಗಿ ಹಳೇಬೀಡಿನಲ್ಲಿ ಮುಗಿಯುತ್ತವೆ. ಆ ದೇವಾಲಯಗಳ ಹಿರಿಮೆ ವಿವಾದಾತೀತವಾದುದು. ಸೋಮನಾಥಪುರದೊಡನೆ ಅವು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿವೆ. ಆದರೂ ನೋಡುವುದನ್ನು ಇನ್ನೂ ಕಲಿಯಬೇಕಾದ ವಿದ್ಯಾರ್ಥಿಗೆ ಅವು ಮೊದಲ ಪಾಠವಾಗಲಾರವೆಂದು ನಮ್ಮ ಅಭಿಪ್ರಾಯ. ಅಲ್ಲಿ ಶಿಲ್ಪಗಳ ಸಂಖ್ಯೆಯೇ ಕಣ್ಣನ್ನು ದಣಿಸುತ್ತದೆ. ಮಾರ್ಗದರ್ಶಿಯ ಕಥೆಗಳು ಕಿವಿಯನ್ನು ತುಂಬುತ್ತವೆ. ಗಂಟೆ ಕಳೆಯುವುದರೊಳಗೆ ಬಸ್ಸಿನ ಕರೆ ಬರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳ ನಡುವೆ ನಿಂತಿರುವ ಕೆಲವು ದೇವಾಲಯಗಳು ಈ ಕೆಲಸಕ್ಕೆ ಹೆಚ್ಚು ಯೋಗ್ಯವಾದವು. ಕೊಬ್ಬರಿಯ ವ್ಯಾಪಾರಕ್ಕಾಗಿ ಈ ಸೀಮೆಯನ್ನು ಬಲ್ಲವರು ಅನೇಕರು. ಶಿಲ್ಪಕ್ಕಾಗಿ ಬರುವವರು ವಿರಳ. ವಿದ್ಯಾರ್ಥಿಗೆ ಇದೊಂದು ಅನುಕೂಲವೇ ಸರಿ.

ಪ್ರವಾಸವನ್ನು ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಿಂದ ಆರಂಭಿಸುವುದು ಲೇಸು. ಇಲ್ಲಿ ಒಂದೇ ಊರಿನಲ್ಲಿ, ಸುಮಾರು ಮೂರೂವರೆ ಶತಮಾನಗಳ ಅಂತರವುಳ್ಳ ಎರಡು ಗುಡಿಗಳಿವೆ. ಕಲ್ಲೇಶ್ವರ ದೇವಾಲಯವು ಗಂಗ–ನೊಳಂಬರ ಕಾಲದ್ದು, ಎಂದರೆ ಒಂಬತ್ತನೆಯ ಶತಮಾನದ ಕೊನೆಯದು. ಹೊರಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಒಳಹೊಕ್ಕು ತಲೆಯೆತ್ತಿ ನೋಡಬೇಕು. ಮೇಲ್ಛಾವಣಿಯ ನಡುವೆ ವಾದ್ಯಗಾರರೊಡನೆ ನರ್ತಿಸುವ ಶಿವ. ಅವನ ಸುತ್ತಲೂ ತಮ್ಮ ತಮ್ಮ ದಿಕ್ಕುಗಳಲ್ಲಿ ಅಷ್ಟದಿಕ್ಪಾಲಕರು. ಮೈಗಳು ತುಂಬಿಕೊಂಡಿವೆ, ಆಭರಣ ಮಿತವಾಗಿದೆ, ಕಾಲಿನ ಮಡಿಕೆಯಲ್ಲಿಯೇ ನೃತ್ಯದ ವೇಗವಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅದೇ ಊರಿನ ಚೆನ್ನಕೇಶವ ದೇವಾಲಯಕ್ಕೆ ಹೋದರೆ, ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಗೆ ಯಾವುದು ಪ್ರಿಯವಾಗಿತ್ತೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ನಕ್ಷತ್ರಾಕಾರದ ತಳವಿನ್ಯಾಸದಿಂದಾಗಿ ಗೋಡೆ ಹೆಜ್ಜೆಹೆಜ್ಜೆಗೂ ಮಡಿಯುತ್ತದೆ. ಬೆಳಕು ಒಂದು ಮುಖದ ಮೇಲೆ ಬಿದ್ದಾಗ ಪಕ್ಕದ ಮುಖ ನೆರಳಿನಲ್ಲಿರುತ್ತದೆ. ಆಭರಣಗಳು ಮೈಯನ್ನು ಮುಚ್ಚುವಷ್ಟು ಹೆಚ್ಚುತ್ತವೆ. ಇದಕ್ಕೆ ಅನುಕೂಲವಾದ ವಸ್ತು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುವ ಈ ಕಲ್ಲು, ಅಕ್ಕಸಾಲಿಯ ಕೆಲಸಕ್ಕೆ ಹೋಲುವ ಸೂಕ್ಷ್ಮತೆಯನ್ನು ಉಳಿಗೆ ಒದಗಿಸಿಕೊಟ್ಟಿತು. ಯಾವುದು ಮೇಲು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ನಮ್ಮ ಒಲವು ಆ ನರ್ತಿಸುವ ಶಿವನ ಕಡೆಗೆ; ಆದರೆ ಒಲವು ಬೇರೆ, ವಿವರಣೆ ಬೇರೆ.

ಇಲ್ಲಿಂದ ಮುಂದಿನ ಗುಡಿಗಳನ್ನು ಕಾಲಾನುಕ್ರಮದಲ್ಲಿ ಹೆಸರಿಸಿದರೆ ಒಂದು ಸಂಗತಿ ತಾನಾಗಿಯೇ ಗೋಚರಿಸುತ್ತದೆ. ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಹಾಸನ ಜಿಲ್ಲೆಯೊಳಗಿರುವ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ 1246ರದು. ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಯೋಗಮಾಧವ ದೇವಾಲಯ 1261ರದು. ಕಟ್ಟಿಸಿದವನು ಗೋಪಾಲ ದಂಡನಾಯಕ. ತುರುವೇಕೆರೆಯ ಚೆನ್ನಕೇಶವ ದೇವಾಲಯ ಸುಮಾರು 1263ರದು. ಕಟ್ಟಿಸಿದವನು ಸೋಮಣ್ಣ ದಂಡನಾಯಕ. ತಿಪಟೂರು ತಾಲ್ಲೂಕಿನ ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯ 1286ರದು. ಕಟ್ಟಿಸಿದವರು ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ದಂಡನಾಯಕರು. ನಲವತ್ತು ವರ್ಷಗಳ ಅವಧಿಯ ಈ ನಾಲ್ಕರಲ್ಲಿ ಒಂದನ್ನಾದರೂ ದೊರೆಯು ತಾನೇ ಕಟ್ಟಿಸಿದ್ದಲ್ಲ. ಬೇಲೂರಿನ ದೇವಾಲಯದ ಹಿಂದೆ ವಿಷ್ಣುವರ್ಧನನ ವಿಜಯವಿದೆ. ಇಲ್ಲಿರುವುದು ಅಧಿಕಾರಿಗಳ ಸಂಪತ್ತು ಮತ್ತು ಪುಣ್ಯಾಪೇಕ್ಷೆ. ದಂಡನಾಯಕನೊಬ್ಬನು ಅಗ್ರಹಾರವನ್ನು ಸ್ಥಾಪಿಸುವಾಗ ಕೆರೆ, ಗದ್ದೆ, ಬ್ರಾಹ್ಮಣರಿಗೆ ವೃತ್ತಿಗಳು, ನಡುವೆ ಒಂದು ಗುಡಿ, ಇವೆಲ್ಲವನ್ನೂ ಒಟ್ಟಾಗಿ ಏರ್ಪಡಿಸುತ್ತಿದ್ದನು. ಆದಕಾರಣ ಇಲ್ಲಿ ಗುಡಿಯನ್ನು ಮಾತ್ರ ನೋಡಿ ಹಿಂದಿರುಗುವುದು ಅರ್ಧ ನೋಡಿದಂತೆ. ಕೆರೆಯ ಏರಿಯ ಮೇಲೂ ನಡೆಯಬೇಕು. ಊರಿನ ಬೀದಿಗಳ ಜೋಡಣೆಯನ್ನೂ ಗಮನಿಸಬೇಕು.

1254ರ ಸುಮಾರಿಗೆ ಸೋಮೇಶ್ವರನ ಕಾಲದಲ್ಲಿಯೇ ರಾಜ್ಯವು ಮೂರನೆಯ ನರಸಿಂಹ ಮತ್ತು ರಾಮನಾಥ ಎಂಬ ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ಈ ಸೀಮೆಯಿದ್ದುದು ನರಸಿಂಹನ ಪಾಲಿನಲ್ಲಿ. ರಾಜ್ಯ ಇಬ್ಭಾಗವಾದ ಕಾಲದಲ್ಲಿಯೇ ಕಟ್ಟಡಗಳು ಹೆಚ್ಚಿದುದು ವಿಚಿತ್ರವೆನಿಸಬಹುದು. ರಾಜಕೀಯದ ಏಳುಬೀಳುಗಳನ್ನೇ ಕಲೆಯ ಏಳುಬೀಳುಗಳೆಂದು ಬಗೆಯುವ ಪಠ್ಯಪುಸ್ತಕಗಳಿಗೆ ಇದು ಒಳ್ಳೆಯ ಉತ್ತರ.

ನುಗ್ಗೇಹಳ್ಳಿಗೆ ಅರ್ಧ ದಿನವನ್ನೇ ಮೀಸಲಿಡಬೇಕು. ಮೂರು ಗರ್ಭಗೃಹಗಳ ಈ ತ್ರಿಕೂಟದ ಶಿಲ್ಪಿಗಳಲ್ಲಿ ಇಬ್ಬರ ಹೆಸರು ನಮಗೆ ತಿಳಿದಿದೆ: ಬೈಚೋಜ, ಮಲ್ಲಿತಮ್ಮ. ತೆಂಕಣ ಭಿತ್ತಿಯ ಕೆಲಸ ಬೈಚೋಜನದು, ಬಡಗಣ ಭಿತ್ತಿಯದು ಮಲ್ಲಿತಮ್ಮನದು. ಒಂದೇ ಗುಡಿ, ಒಂದೇ ಕಲ್ಲು, ಒಂದೇ ಬಗೆಯ ವಿಗ್ರಹಗಳು, ಕೈಗಳು ಎರಡು. ಇಂತಹ ಅವಕಾಶ ಕಲಾವಿದ್ಯಾರ್ಥಿಗೆ ಪದೇ ಪದೇ ದೊರೆಯುವುದಿಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಪ್ರವಾಸಗಳು ಸಾಮಾನ್ಯವಾಗಿ ಡಿಸೆಂಬರ್ ಜನವರಿಗಳಲ್ಲಿ ನಡೆಯುತ್ತವೆ. ಆಗ ಸೂರ್ಯನು ದಕ್ಷಿಣದಲ್ಲಿರುವುದರಿಂದ ತೆಂಕಣ ಭಿತ್ತಿಯು ದಿನವಿಡೀ ಬಿಸಿಲಿನಲ್ಲಿರುತ್ತದೆ, ಬಡಗಣ ಭಿತ್ತಿಯು ಪೂರ್ತಿ ನೆರಳಿನಲ್ಲಿ. ಬಿಸಿಲಿನಲ್ಲಿ ಕಡೆತವೆಲ್ಲ ಆಳವಾಗಿಯೂ ನೆರಳಿನಲ್ಲಿ ಮೆದುವಾಗಿಯೂ ಕಾಣುವುದು ಸಹಜ. ಸೂರ್ಯನು ಮಾಡಿದ ಭೇದವನ್ನು ಶಿಲ್ಪಿಗಳ ಭೇದವೆಂದು ಬರೆದುಕೊಂಡು ಬರಬಾರದು. ಸಾಧ್ಯವಾದರೆ ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಬೇಕು. ಇಲ್ಲವಾದರೆ ಎರಡು ಭಿತ್ತಿಗಳನ್ನೂ ಮೋಡದ ದಿನದಲ್ಲಿಯೋ ಬೆಳಗಿನ ಮಬ್ಬಿನಲ್ಲಿಯೋ ನೋಡಬೇಕು.

ಹೆಸರುಗಳ ಮಾತು ಬಂದುದರಿಂದ ಒಂದು ಹೋಲಿಕೆ ಅಪ್ರಸ್ತುತವಾಗದು. ಇಟಲಿಯ ಪೀಸಾ ನಗರದ ದೀಕ್ಷಾಸ್ನಾನ ಮಂದಿರದಲ್ಲಿ ನಿಕೋಲಾ ಪಿಸಾನೊ ತನ್ನ ಹೆಸರನ್ನು ಕೊರೆದಿರುವ ಉಪದೇಶಪೀಠವು 1260ರದು. ಸಿಯೆನಾದ ಮಹಾದೇವಾಲಯದಲ್ಲಿ ಅವನು ಮಾಡಿದ ಇನ್ನೊಂದು ಪೀಠ 1265ರಿಂದ 1268ರವರೆಗಿನದು. ಸೋಮನಾಥಪುರದ ಕೇಶವ ದೇವಾಲಯವೂ 1268ರದೇ. ಅಂದರೆ ಸೋಮನಾಥಪುರದಲ್ಲಿ ಉಳಿಯ ಸದ್ದು ಕೇಳುತ್ತಿದ್ದಾಗ ಸಿಯೆನಾದಲ್ಲಿಯೂ ಕೇಳುತ್ತಿತ್ತು. ಆ ನಗರಗಳಲ್ಲಿ ಮಾರ್ಗದರ್ಶಿಯು ಮೊದಲು ಶಿಲ್ಪಿಯ ಹೆಸರನ್ನು ಹೇಳುತ್ತಾನೆ, ಆಮೇಲೆ ಅವನು ಕೆತ್ತಿದ ಕಥೆಯನ್ನು. ನಮ್ಮಲ್ಲಿ ಕಥೆ ಮಾತ್ರ ಉಳಿದುಬಂದಿದೆ. 1550ರಲ್ಲಿ ವಸಾರಿಯು ಕಲಾವಿದರ ಜೀವನಚರಿತ್ರೆಗಳನ್ನು ಪ್ರಕಟಿಸಿ ಇಟಲಿಯವರಿಗೆ ಆ ಅಭ್ಯಾಸವನ್ನು ಬೆಳೆಸಿದನು. ನಮ್ಮ ಶಿಲ್ಪಿಗಳಿಗೆ ಅಂತಹ ಚರಿತ್ರಕಾರನಿಲ್ಲ. ಅವರು ಪೀಠದಲ್ಲಿ ಕೊರೆದಿಟ್ಟ ಅಕ್ಷರಗಳೇ ಅವರ ಚರಿತ್ರೆ. ಅವನ್ನು ಓದುವುದರಲ್ಲಿಯೂ ವಿವೇಕ ಬೇಕು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿಯೂ ಇದೆ, 1268ರ ಸೋಮನಾಥಪುರದಲ್ಲಿಯೂ ಇದೆ. ಎಪ್ಪತ್ತೆರಡು ವರ್ಷ ಒಬ್ಬನೇ ಉಳಿ ಹಿಡಿದನೆಂದು ನಂಬುವುದು ನಮಗೆ ಕಷ್ಟ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ವಾಡಿಕೆಯನ್ನು ಇಲ್ಲಿ ನೆನೆಯಬಹುದು. ಹಾಗೆಯೇ ಶೆಟ್ಟಿಕೆರೆಯ ಗೋಪಾಲನೂ ವಿಘ್ನಸಂತೆಯ ಗೋಪಾಲನೂ ಒಬ್ಬನೇ ಎಂದು ಹೆಸರಿನ ಬಲದಿಂದ ಮಾತ್ರ ತೀರ್ಮಾನಿಸಲಾಗದು. ಬಿ. ಎಲ್. ರೈಸರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ಹೊರಡುವ ಮೊದಲೇ ತರಗತಿಯಲ್ಲಿ ಓದಿಸಬೇಕು.

ತುರುವೇಕೆರೆಯಲ್ಲಿ ಸೋಮನಾಥಪುರದ ಸಡಗರವಿಲ್ಲ. ಕಟ್ಟಿಸಿದವನು ಅದೇ ದಂಡನಾಯಕನಾದರೂ ಇಲ್ಲಿ ಸಂಯಮವೇ ಪ್ರಧಾನ. ಅಲಂಕಾರ ಕಡಮೆಯಾದಲ್ಲಿ ರಚನೆ ಕಣ್ಣಿಗೆ ಬೀಳುತ್ತದೆ. ಗರ್ಭಗೃಹ, ಸುಕನಾಸಿ, ನವರಂಗಗಳ ಅನುಕ್ರಮವನ್ನು ಕಲಿಸಲು ಇದಕ್ಕಿಂತ ಸುಲಭವಾದ ಗುಡಿ ಬೇಕಿಲ್ಲ. ಅದೇ ಊರಿನ ಮೂಲೆಶಂಕರೇಶ್ವರ ಮತ್ತು ಗಂಗಾಧರೇಶ್ವರ ಗುಡಿಗಳನ್ನೂ ನೋಡಬೇಕು. ಎರಡನೆಯದರ ಕರಿಕಲ್ಲಿನ ನಂದಿಯ ಹೊಳಪು ಬಳಪದ ಕಲ್ಲಿನ ಮೃದುತ್ವಕ್ಕೆ ಒಗ್ಗಿದ ಕಣ್ಣನ್ನು ಬೆರಗುಗೊಳಿಸುತ್ತದೆ.

ಈ ಗುಡಿಗಳಿಗೆ ಕೇಡು ಬರುವುದು ಬಹುಪಾಲು ಭಕ್ತಿಯಿಂದಲೇ ಎಂಬುದನ್ನು ಹೇಳದೆ ವಿಧಿಯಿಲ್ಲ. ಎಣ್ಣೆ ಹೀರಿದ ವಿಗ್ರಹಗಳು ಧೂಳು ಮೆತ್ತಿ ಕರಿಕಟ್ಟುತ್ತವೆ. ಸುಣ್ಣ, ಬಣ್ಣಗಳು ಉಳಿಯ ಗುರುತುಗಳನ್ನು ಮುಚ್ಚುತ್ತವೆ. ಸಿಮೆಂಟಿನ ನೆಲ ಏರಿದಂತೆ ಅಧಿಷ್ಠಾನದ ಕೆಳಪಟ್ಟಿಕೆಗಳು, ಅವುಗಳೊಡನೆ ಕೆಲವೊಮ್ಮೆ ಅಕ್ಷರಗಳೂ, ಮರೆಯಾಗುತ್ತವೆ. ಊರಿನವರನ್ನು ದೂರಿ ಫಲವಿಲ್ಲ. ಎಂಟು ನೂರು ವರ್ಷ ದೀಪ ಹಚ್ಚಿದವರ ಪೀಳಿಗೆ ಅವರದು. ವಿದ್ಯಾರ್ಥಿಗಳು ಅಳತೆ ತೆಗೆದು, ನಕ್ಷೆ ಬರೆದು, ಅದರ ಒಂದು ಪ್ರತಿಯನ್ನು ಊರಿನ ಶಾಲೆಯಲ್ಲಿ ಬಿಟ್ಟು ಬಂದರೆ, ಮುಂದಿನ ಜೀರ್ಣೋದ್ಧಾರದ ಮಾತು ಬಂದಾಗ ತೋರಿಸಲು ಏನಾದರೊಂದು ಇರುತ್ತದೆ.

ವಿಘ್ನಸಂತೆಗೆ ಬೆಳಿಗ್ಗೆಯೇ ತಲಪುವುದು ಉಚಿತ. ಅರ್ಚಕರ ಅನುಮತಿ ಪಡೆದು, ಪೂಜೆ ಮುಗಿಯುವವರೆಗೆ ಹೊರಭಿತ್ತಿಯನ್ನು ನೋಡುತ್ತಿರಬಹುದು. ನವರಂಗದ ಕತ್ತಲೆಗೆ ಟಾರ್ಚು ಸಾಲದು, ಅದರ ಬೆಳಕು ಶಿಲ್ಪವನ್ನು ಚಪ್ಪಟೆಯಾಗಿಸುತ್ತದೆ. ಒಂದು ದೊಡ್ಡ ಕನ್ನಡಿಯನ್ನು ಬಾಗಿಲಿನ ಹೊರಗೆ ಬಿಸಿಲಿನಲ್ಲಿ ಓರೆಯಾಗಿ ಹಿಡಿದು, ಬೆಳಕನ್ನು ಪಕ್ಕದಿಂದ ಭುವನೇಶ್ವರಿಯ ಮೇಲೆ ಹಾಯಿಸಬೇಕು. ಕನ್ನಡಿ ಹಿಡಿಯುವ ಸರದಿ ಎಲ್ಲರಿಗೂ ಬರಲಿ. ಅದನ್ನು ಹಿಡಿದವನು ಚಿತ್ರ ಬರೆಯಲಾರನು.