ತಪ್ಪು ಕಾಗುಣಿತದ ನೋಟು, ಮರೆತುಹೋದ ಸಹಿ

ಬೆಂಜಮಿನ್ ಫ್ರಾಂಕ್ಲಿನ್ ತನ್ನ ಫಿಲಡೆಲ್ಫಿಯಾ ಅಚ್ಚುಕೂಟದಲ್ಲಿ ಮುದ್ರಿಸಿದ ನೋಟುಗಳಲ್ಲಿ ಪೆನ್ಸಿಲ್ವೇನಿಯಾ ಎಂಬ ಹೆಸರಿಗೆ ಒಂದೇ ಕಾಗುಣಿತವಿಲ್ಲ. ಒಂದರಲ್ಲಿ ಎರಡು ‘ಎನ್’ ಇದ್ದರೆ ಇನ್ನೊಂದರಲ್ಲಿ ಒಂದೇ. ‘ವೈ’ ಇರಬೇಕಾದಲ್ಲಿ ‘ಐ’. ಮೊಳೆ ಜೋಡಿಸುವವನ ಕಣ್ತಪ್ಪು ಎನ್ನಬಹುದು. ಆದರೆ ಸಣ್ಣ ನೋಟಿನ ಮುಖಬೆಲೆ ತಿದ್ದಿ ದೊಡ್ಡದೆಂದು ದಾಟಿಸುವವರು ಆ ಕಾಗುಣಿತದಲ್ಲೇ ಸಿಕ್ಕಿಬೀಳಲಿ ಎಂದು ಬೇಕೆಂದೇ ಹೀಗೆ ಮಾಡಿದ ಎಂಬುದು ಅನೇಕ ಸಂಗ್ರಾಹಕರ ನಂಬಿಕೆ. ನನಗೂ ಅದೇ ಸರಿಯೆನಿಸುತ್ತದೆ. ನಿಜವಾದ ಎಲೆಯಿಂದಲೇ ಲೋಹದ ಅಚ್ಚು ಎರಕ ಹೊಯ್ದು, ಅದರ ನರನರವನ್ನೂ ನೋಟಿನ ಬೆನ್ನಿಗೆ ಮೂಡಿಸಿದ ಮನುಷ್ಯ ತನ್ನ ನಾಡಿನ ಹೆಸರಿನಲ್ಲೇ ಎಡವಿರಲಾರ.

ಖೋಟಾ ತಡೆಯಲು ಇನ್ನೊಂದು ಕಾವಲಿತ್ತು: ಕೈಬರಹದ ಸಹಿ. 1775ರಲ್ಲಿ, ಬ್ರಿಟನ್ನಿನ ವಿರುದ್ಧ ಬಂಡೆದ್ದ ಅಮೆರಿಕದ ವಸಾಹತುಗಳ ಕಾಂಗ್ರೆಸ್ ತನ್ನ ನೋಟುಗಳಿಗೆ ಸಹಿ ಹಾಕಲೆಂದೇ 28 ಜನರನ್ನು ನೇಮಿಸಿ, ಸಾವಿರ ನೋಟಿಗೆ ಒಂದೂ ಮೂರನೇ ಒಂದು ಡಾಲರ್ ಕೂಲಿ ಗೊತ್ತುಮಾಡಿತು. ಸಂಖ್ಯೆ ಬರೆಯುವ ಕೆಲಸವೂ ಅವರದೇ. ಇಷ್ಟಾದರೂ ಖೋಟಾ ನಿಲ್ಲಲಿಲ್ಲ. 1777ರ ಏಪ್ರಿಲ್‌ನಲ್ಲಿ, ಬ್ರಿಟಿಷರ ಹಿಡಿತದಲ್ಲಿದ್ದ ನ್ಯೂಯಾರ್ಕಿನ ಪತ್ರಿಕೆಯೊಂದು ಕಾಂಗ್ರೆಸ್ಸಿನ ಖೋಟಾ ನೋಟು ಬರೀ ಕಾಗದದ ಬೆಲೆಗೆ ಸಿಗುತ್ತದೆಂದು ಜಾಹೀರಾತನ್ನೇ ಹಾಕಿತು!

ನನ್ನ ಮೆಚ್ಚಿನದು ನ್ಯೂಜೆರ್ಸಿಯ 1776ರ ಮಾರ್ಚ್ 25ರ ನೋಟು. ಬರ್ಲಿಂಗ್ಟನ್‌ನಲ್ಲಿ ಐಸಾಕ್ ಕಾಲಿನ್ಸ್ ಮುದ್ರಿಸಿದ್ದು. ಬೆನ್ನಿಗೆ ಎಲೆಯ ಅಚ್ಚು, ಜೊತೆಗೆ ಖೋಟಾ ಮಾಡಿದರೆ ಮರಣದಂಡನೆ ಎಂಬ ಎಚ್ಚರಿಕೆ. ಹನ್ನೆರಡು ಶಿಲಿಂಗಿನ ನೋಟಿನ ಮುಖದಲ್ಲಿ ಬ್ರಿಟಿಷ್ ದೊರೆಯ ಲಾಂಛನ. ಕೆಳಗೆ ಶಾಯಿಯಲ್ಲಿ ರಾಬರ್ಟ್ ಸ್ಮಿತ್, ಜಾನ್ ಹಾರ್ಟ್, ಜಾನ್ ಸ್ಟೀವನ್ಸ್ ಕಿರಿಯ ಎಂಬ ಮೂರು ಹೆಸರು. ಅದೇ ವರ್ಷ ಆ ದೊರೆಯನ್ನು ಧಿಕ್ಕರಿಸುವ ಸ್ವಾತಂತ್ರ್ಯ ಘೋಷಣೆಗೂ ಹಾರ್ಟ್ ಸಹಿ ಹಾಕಿದ. ಘೋಷಣೆಗೆ ಸಹಿ ಹಾಕಿದವರ ಹಸ್ತಾಕ್ಷರ ಕೂಡಿಡುವವರಿಗೆ ಹಾರ್ಟ್ ದಕ್ಕುವುದು ಹೆಚ್ಚಾಗಿ ಈ ನೋಟುಗಳಿಂದಲೇ.

ನನಗೆ ಬೇಸರ ತರಿಸುವುದೂ ಅದೇ. ಹರಾಜಿನಲ್ಲಿ ಹಾರ್ಟ್‌ನ ಹೆಸರಿಗೆ ಬೆಲೆ ಏರುತ್ತದೆ, ಪಕ್ಕದ ಇಬ್ಬರನ್ನು ಯಾರೂ ಕೇಳುವುದಿಲ್ಲ. ನೋಟು ಪ್ಲಾಸ್ಟಿಕ್ ಹೊದಿಕೆಯೊಳಗೆ ಸೇರಿ ದರ್ಜೆಯ ಚೀಟಿ ಹಚ್ಚಿಸಿಕೊಂಡ ಮೇಲಂತೂ ಅಚ್ಚಿನ ಓರೆಕೋರೆಗಳನ್ನು ಬೆರಳಾಡಿಸಿ ನೋಡುವ ಸುಖವೂ ಹೋಯಿತು. ಎರಿಕ್ ನ್ಯೂಮನ್ 1967ರಲ್ಲಿ ಹೊರತಂದ, ಅಮೆರಿಕದ ಆರಂಭಕಾಲದ ಕಾಗದದ ಹಣ ಕುರಿತ ಗ್ರಂಥ ಬೇರೆ ದಾರಿ ತೋರಿತ್ತು: ಒಂದೊಂದು ಬಿಡುಗಡೆಗೂ ಸಹಿಗಾರರ ಹೆಸರು ಪಟ್ಟಿಮಾಡಿತ್ತು. ಹರಾಜು ನಡೆಸುವವರೂ ಅದನ್ನೇ ಅನುಸರಿಸಲಿ, ಮೂರೂ ಹೆಸರು ಅಚ್ಚಾಗಲಿ.