ಲಂಡನ್ನಿನ 70ಕ್ಕೆ ಬೆಂಗಳೂರಿನಲ್ಲಿ ಬೆಲೆ ಎಷ್ಟು?

ಮಗಳು ಬ್ರಿಟನ್‌ನಲ್ಲಿ ಪದವಿ ಮುಗಿಸಿದಳು, ಶೇ 70 ಬಂತು ಎಂದರೆ ಊರಿನ ನೆಂಟರು ‘ಅಷ್ಟು ದುಡ್ಡು ಸುರಿದು ಇಷ್ಟೇನಾ?’ ಎನ್ನುತ್ತಾರೆ. ಅಲ್ಲಿ 40ಕ್ಕೆ ಪಾಸು, 70 ಬಂದರೆ ಫಸ್ಟ್ ಕ್ಲಾಸ್. ನೆಂಟರಿಗೆ ವಿವರಿಸಿ ಹೇಳಬಹುದು. ಆದರೆ ಎಂಬಿಎ ಓದಲು ಐಐಎಂಗೆ ಅರ್ಜಿ ಹಾಕುವಾಗ ಅದು ಕೇಳುವುದು ಶೇಕಡಾವಾರು ಅಂಕವನ್ನೇ.

ಗಲ್ಫ್‌ನಲ್ಲಿ ದುಡಿದು ಮಕ್ಕಳನ್ನು ಹೊರದೇಶದಲ್ಲಿ ಓದಿಸುವ ನಾವು ಶುಲ್ಕ, ವೀಸಾ, ಹಾಸ್ಟೆಲ್ ಎಲ್ಲ ವಿಚಾರಿಸುತ್ತೇವೆ. ಈ ಅಂಕಪಟ್ಟಿ ಮುಂದೆ ಭಾರತದಲ್ಲಿ ಹೇಗೆ ಕಾಣುತ್ತದೆ ಎಂದು ಕೇಳುವವರು ಕಡಿಮೆ.

ಕ್ಯಾಟ್ ಬರೆಯಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಕನಿಷ್ಠ ಶೇ 50 ಬೇಕು. ಸಿಜಿಪಿಎ ಇದ್ದರೆ ವಿಶ್ವವಿದ್ಯಾಲಯವೇ ದೃಢೀಕರಿಸಿದ ವಿಧಾನದಲ್ಲಿ ಅದನ್ನು ಶೇಕಡಾವಾರಿಗೆ ಬದಲಿಸಬೇಕು. ಅಂಥ ವಿಧಾನ ಇಲ್ಲದಿದ್ದರೆ ಪಡೆದ ಅಂಕವನ್ನು ಗರಿಷ್ಠ ಅಂಕದಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಅಮೆರಿಕದ 4ಕ್ಕೆ 3.5 ಹೀಗೆ ಶೇ 87.5 ಆಗುತ್ತದೆ, ಲಾಭವೇ. ಜರ್ಮನಿಯದು ಮಾತ್ರ ತಿರುಗುಮುರುಗು: 1.0 ಅತ್ಯುತ್ತಮ, 4.0 ಬರೀ ಪಾಸು. ಅಲ್ಲಿ ಇದೇ ಲೆಕ್ಕ ಹಾಕಿದರೆ ತರಗತಿಗೆ ಮೊದಲು ಬಂದವನು ಶೇ 25 ಪಡೆದಂತೆ! ಹಾಗಾಗಿ ಅಂಕಗಳ ಅರ್ಥ ವಿವರಿಸುವ ಪತ್ರವನ್ನು ಕ್ಯಾಂಪಸ್ ಬಿಡುವ ಮೊದಲೇ ಕೇಳಿ ಪಡೆಯಬೇಕು. ಎರಡು ವರ್ಷ ಕೆಲಸ ಮಾಡಿ, ಆಮೇಲೆ ಇ-ಮೇಲ್ ಕಳಿಸಿ ಉತ್ತರಕ್ಕೆ ಕಾಯುವ ಪಾಡು ಬೇಡ.

ಇದಕ್ಕಿಂತ ದೊಡ್ಡದು ಮಾನ್ಯತೆಯ ವಿಷಯ. ಪದವಿ ಭಾರತದ ಪದವಿಗೆ ಸಮಾನ ಎಂದು ಒಪ್ಪಿತವಾಗಿರಬೇಕು. ಯುಜಿಸಿ 2025ರಲ್ಲಿ ತಂದ ನಿಯಮದಂತೆ ಫ್ರಾಂಚೈಸಿ ವ್ಯವಸ್ಥೆಯಲ್ಲಿ ಪಡೆದ ವಿದೇಶಿ ಪದವಿಗೆ ಸಮಾನತೆ ಸಿಗದು. ವಿದೇಶಿ ವಿಶ್ವವಿದ್ಯಾಲಯದ ಶಾಖೆ ಎಂದು ಹೇಳಿಕೊಳ್ಳುವ ಕಾಲೇಜಿಗೆ ಸೇರಿಸುವ ಮುನ್ನ ಅದು ನಿಜವಾದ ಕ್ಯಾಂಪಸ್ಸೋ, ಹೆಸರು ಬಾಡಿಗೆ ಪಡೆದದ್ದೋ ನೋಡಿಕೊಳ್ಳಿ.

‘ಫಾರಿನ್ ಡಿಗ್ರಿ’ ಇದ್ದರೆ ಹಳೆಯ ಅಂಕ ಯಾರೂ ನೋಡುವುದಿಲ್ಲ ಎಂಬ ನಂಬಿಕೆಯೂ ನಮ್ಮಲ್ಲಿದೆ. ಬೆಂಗಳೂರು ಐಐಎಂ 10 ಮತ್ತು 12ನೇ ತರಗತಿಯ ಅಂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಅಮೆರಿಕದ ಬಿ-ಸ್ಕೂಲ್‌ಗಳಲ್ಲಿ ಈ ತಾಪತ್ರಯ ಕಡಿಮೆ. ಇಂಗ್ಲಿಷ್‌ನಲ್ಲಿ ಪದವಿ ಓದಿದವರಿಗೆ ಹಲವೆಡೆ ಟೋಫೆಲ್‌ನಿಂದ ವಿನಾಯಿತಿಯೂ ಉಂಟು. ಹೈದರಾಬಾದಿನ ಐಎಸ್‌ಬಿಗೆ ಜಿಮ್ಯಾಟ್ ಸಾಕು, ಅದನ್ನು ದುಬೈನಲ್ಲೇ ಬರೆಯಬಹುದು. ಕ್ಯಾಟ್ ಬರೆಯಲು ಮಾತ್ರ ಭಾರತಕ್ಕೇ ಬರಬೇಕು. ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಗೆ, ಸೆಮಿಸ್ಟರ್ ನಡುವೆಯೇ ಬೀಳುತ್ತದೆ. ಟಿಕೆಟ್ ದುಡ್ಡನ್ನು ಈಗಲೇ ಎತ್ತಿಡಿ.